ಜಾತ್ರೆಯಲ್ಲಿ ಕೊಂಡ ಬೆಳಕಿನ ಫ್ಯಾನು ನಿಜವಾದ 3ಡಿ ಆಟಿಕೆಯೇ?

ಪ್ರಶ್ನೆ: ಶರಣಬಸವೇಶ್ವರ ಜಾತ್ರೆಯಲ್ಲಿ ಮಗಳಿಗೆ ಎಲ್‌ಇಡಿ ಫ್ಯಾನು ಕೊಡಿಸಿದೆ. ತಿರುಗಿದರೆ ಹೂವು, ಅಕ್ಷರ ಕಾಣ್ತಾವ. ಗಾಳಿಯಲ್ಲೇ ಮೂಡುವ 3ಡಿ ಚಿತ್ರದ ಆಟಿಕೆ ಅಂದ್ರ ಇದೇ ಏನ್ರಿ? ಅಲ್ಲಾಂದ್ರ ನಿಜವಾದದ್ದು ಹೆಂಗಿರ್ತದ?
– ಕಲಬುರಗಿಯ ಓದುಗರು

ಇದಲ್ಲ, ಆದರೆ ಅದರ ದಾಯಾದಿ. ಫ್ಯಾನನ್ನು ಪಕ್ಕದಿಂದ ನೋಡಿ: ಹೂವು ಹೋಗಿ ಬರೀ ಗೆರೆ ಉಳಿಯುತ್ತದೆ. ರೆಕ್ಕೆಯ ಮೇಲಿನ ಒಂದು ಸಾಲು ದೀಪ ಸುತ್ತಿದಾಗ ಮೂಡುವುದು ತಟ್ಟೆಯಂಥ ಚಪ್ಪಟೆ ಚಿತ್ರ. ಅದೇ ಸಾಲಿನ ಬದಲು ದೀಪಗಳ ಇಡೀ ಹಲಗೆಯನ್ನೇ ನಿಲ್ಲಿಸಿ ತಿರುಗಿಸಿದರೆ ಚಿತ್ರಕ್ಕೆ ಹಿಂದು, ಮುಂದು, ಮಗ್ಗುಲು ಎಲ್ಲ ಬರುತ್ತವೆ. ಇದು ವಾಲ್ಯೂಮೆಟ್ರಿಕ್ ಡಿಸ್‌ಪ್ಲೇ. ಕನ್ನಡಕ ಬೇಕಿಲ್ಲ, ನಾಲ್ಕು ಮಕ್ಕಳು ಸುತ್ತ ಕೂತರೆ ನಾಲ್ವರಿಗೂ ತಮ್ಮ ತಮ್ಮ ಮಗ್ಗುಲು ಕಾಣುತ್ತದೆ.

ತೊಡಕಿರುವುದು ವೇಗದಲ್ಲಿ. ಚಿತ್ರ ಮಿಣುಕದೆ ನಿಲ್ಲಲು ಹಲಗೆ ಸೆಕೆಂಡಿಗೆ 15–20 ಸುತ್ತು ಹಾಕಬೇಕು, ಅಂದರೆ ನಿಮಿಷಕ್ಕೆ 900ರಿಂದ 1200. ಮನೆಯ ಸೀಲಿಂಗ್ ಫ್ಯಾನು ಜೋರಾಗಿ ತಿರುಗಿದರೂ 350ರ ಆಸುಪಾಸು. ಹಾಗಾಗಿ ಈ ಹಲಗೆಯನ್ನು ಗಾಜಿನ ಗುಮ್ಮಟದೊಳಗೇ ಇಡಬೇಕು. ಕಂಡದ್ದನ್ನು ಮುಟ್ಟದೆ ಬಿಡುವ ಮಗು ಯಾವುದಿದೆ? ಸ್ಪೇನಿನ ನವಾರಾ ಸಾರ್ವಜನಿಕ ವಿಶ್ವವಿದ್ಯಾಲಯದವರು 2025ರಲ್ಲಿ ಇದಕ್ಕೊಂದು ಉಪಾಯ ತೋರಿಸಿದರು: ಹಲಗೆ ತಿರುಗಿಸುವ ಬದಲು ಮೇಲೆ ಕೆಳಗೆ ಅದುರುವ ಪರದೆಯ ಮೇಲೆ ಚಿತ್ರ ಮೂಡಿಸುವ ಬಗೆಯೂ ಇದೆ; ಅದರ ಗಟ್ಟಿ ಪರದೆಯ ಜಾಗಕ್ಕೆ ಎಲಾಸ್ಟಿಕ್ ಪಟ್ಟಿಗಳು. ಬೆರಳಿಟ್ಟರೆ ಪಟ್ಟಿ ಬಾಗುತ್ತದೆ, ಬೆರಳಿಗೆ ಪೆಟ್ಟಾಗುವುದಿಲ್ಲ. ಅದಿನ್ನೂ ಪ್ರಯೋಗಾಲಯದ ಮಾತು. ಲೇಸರಿನಿಂದ ಕಣವೊಂದನ್ನು ಗಾಳಿಯಲ್ಲಿ ಹಿಡಿದು ಓಡಿಸುವ ವಿಧಾನವೂ 2018ರಲ್ಲಿ ಬಂತು. ಚಿತ್ರ ಬೆರಳ ತುದಿಯಷ್ಟು. ಆಟಿಕೆಯ ಲೆಕ್ಕಕ್ಕೆ ಅದನ್ನು ಬಿಟ್ಟುಬಿಡಿ.

ಇದರಲ್ಲಿ ಏನು ತೋರಿಸಬಹುದು ಎಂಬುದೇ ನನಗೆ ಹೆಚ್ಚು ಕುತೂಹಲದ ಸಂಗತಿ. ಬೆಳಕಿನ ಚುಕ್ಕೆ ಹಿಂದಿನ ಚುಕ್ಕೆಯನ್ನು ಮರೆಮಾಡುವುದಿಲ್ಲ, ಕಪ್ಪು ಬಣ್ಣವಂತೂ ಬರುವುದೇ ಇಲ್ಲ. ಬೀದರಿನ ಬಿದರಿ ಹೂಜಿಯನ್ನು ತೋರಿಸಲು ಹೋದರೆ ಕಪ್ಪು ಮೈ ಪೂರ್ತಿ ಮಾಯ. ಬೆಳ್ಳಿಯ ಬಳ್ಳಿಯಷ್ಟೇ ತೇಲುತ್ತದೆ, ಅದೂ ಆಚೆ ಬದಿಯ ಬಳ್ಳಿಯೊಂದಿಗೆ ಹೆಣೆದುಕೊಂಡು. ಚೆಂದವೇನೋ ಹೌದು, ಹೂಜಿ ಮಾತ್ರ ಅಲ್ಲ. ಕಾರ್ಟೂನ್ ಬೊಂಬೆಗೂ ಇದೇ ಗತಿ: ಮುಖದ ಮೂಲಕ ಬೆನ್ನು ಕಾಣುತ್ತದೆ. ಆದ್ದರಿಂದ ‘ತೇಲುವ ಗೊಂಬೆ’ ಅಂತ ಮಾರಲು ಬಂದರೆ ನಾನಂತೂ ಕೊಳ್ಳುವುದಿಲ್ಲ. ಒಳಗನ್ನು ನೋಡಲೇಬೇಕಾದ ವಸ್ತುಗಳಿಗೆ ಇದೇ ಪಾರದರ್ಶಕತೆ ವರ. ಬಡಿಯುವ ಹೃದಯ, ಗ್ರಹಗಳ ಸುತ್ತಾಟ, ಅಥವಾ ನಮ್ಮ ಕಲಬುರಗಿ ಕೋಟೆಯ 1367ರ ಜಾಮಾ ಮಸೀದಿ. ತೆರೆದ ಅಂಗಳವೇ ಇಲ್ಲದ, ಇಡೀ ಚಾವಣಿ ಹೊದ್ದ ಆ ಕಟ್ಟಡದ ಗುಮ್ಮಟಗಳನ್ನೂ ಕೆಳಗಿನ ಕಮಾನುಗಳನ್ನೂ ಒಟ್ಟಿಗೆ ನೋಡಲು ಸ್ಥಳದಲ್ಲಿ ನಿಂತರೂ ಆಗದು. ಇದರಲ್ಲಿ ಆಗುತ್ತದೆ.

ಈಗಲೇ ಬೇಕೆಂದರೆ ಎಲ್‌ಇಡಿ ಕ್ಯೂಬ್ ಇದೆ. ತಿರುಗುವ ಭಾಗವೇ ಇಲ್ಲ. 4×4×4ರ ಚೌಕಟ್ಟಿನಲ್ಲಿ 64 ದೀಪ. ಇಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟಿಗೆ ಬೆಸುಗೆ ಹಾಕುವುದು ಇಂಥವನ್ನೇ. ಚಿತ್ರ ಒರಟು, ಆದರೆ ಆಟ ಸೊಗಸು: ಸೊನ್ನೆ-ಇಂಟು ಆಟವನ್ನು ಇದರಲ್ಲಿ ಆಡಿದರೆ ಗೆಲ್ಲುವ ಸಾಲುಗಳು 76. ಕಾಗದದ ಮೇಲಿನ ಮೂರು ಮನೆಯ ಆಟದಲ್ಲಿ ಎಂಟೇ. ಮೂಲೆಯಿಂದ ಮೂಲೆಗೆ ಓರೆಯಾಗಿ ಹೋಗುವ ಸಾಲು ದೊಡ್ಡವರಿಗೇ ಕಣ್ತಪ್ಪುತ್ತದೆ.

ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಅದು ಕಡ್ಡಾಯ. ಬ್ಯಾಟರಿ, ಕರೆಂಟಿನವಕ್ಕೆ ಅನ್ವಯಿಸುವ ಮಾನಕದ ಸಂಖ್ಯೆ ಐಎಸ್ 15644. ಮಿನುಗುವ ಬೆಳಕಿಗೆ ಫಿಟ್ಸ್ ಬರುವ ಮಗು ಮನೆಯಲ್ಲಿದ್ದರೆ ಇಂಥ ಆಟಿಕೆ ಬೇಡ, ಜಾತ್ರೆಯ ಫ್ಯಾನೂ ಬೇಡ.