ಆ ಶೇಕಡಾ ಎಲ್ಲಿಂದ ಬಂತು?

ಕ್ಯಾನ್ಸರ್ ಗಡ್ಡೆಯ ಪಿಡಿ-ಎಲ್1 ಪರೀಕ್ಷೆಯ ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಶೇಕಡಾ ಎಷ್ಟು ಅನ್ನೋ ಕಡೆಗೇ ಹೋಗುತ್ತದೆ. ಮೊನ್ನೆ ಶ್ವಾಸಕೋಶದ ಕ್ಯಾನ್ಸರ್ ಇರುವ ಒಬ್ಬರ ಮಗ ಲ್ಯಾಬಿಗೇ ಬಂದಿದ್ದರು. "ಡಾಕ್ಟ್ರೇ, ಅಪ್ಪನಿಗೆ 45 ಬಂದಿದೆ. 50 ಇದ್ದಿದ್ರೆ ಕೀಮೋ ಇಲ್ಲದೆ ಇಮ್ಯುನೊಥೆರಪಿ ಒಂದೇ ಸಾಕಾಗ್ತಿತ್ತಂತೆ. ಇನ್ನೊಂದ್ಸಲ ನೋಡ್ತೀರಾ?"

ನೋಡುತ್ತೇನೆ ಅಂದೆ. ಆದರೆ ಆ ಸಂಖ್ಯೆ ಹುಟ್ಟುವ ಬಗೆ ಗೊತ್ತಿದ್ದರೆ ಅವರು ಬಹುಶಃ ಬೇರೆ ಪ್ರಶ್ನೆ ಕೇಳುತ್ತಿದ್ದರು. ರಕ್ತದ ಸಕ್ಕರೆಯನ್ನು ಯಂತ್ರ ಅಳೆಯುತ್ತದೆ. ಇದನ್ನು ಹೆಚ್ಚಿನ ಕಡೆ ಇವತ್ತಿಗೂ ಅಳೆಯುವುದು ಪೆಥಾಲಜಿಸ್ಟ್‌ನ, ಅಂದರೆ ನನ್ನಂತೆ ಅಂಗಾಂಶ ನೋಡಿ ರೋಗ ಗುರುತಿಸುವ ವೈದ್ಯರ, ಕಣ್ಣು.

ಮೊದಲು ಒಂದು ಮಾತು. ದೇಹವನ್ನು ಕಾಯುವ ಟಿ ಜೀವಕೋಶಗಳಿಗೆ ಪಿಡಿ-1 ಅನ್ನೋ ಬ್ರೇಕ್ ಇದೆ. ಕೆಲವು ಕ್ಯಾನ್ಸರ್ ಕೋಶಗಳು ಪಿಡಿ-ಎಲ್1 ಪ್ರೋಟೀನನ್ನು ಮೈಮೇಲೆ ಹೊದ್ದುಕೊಂಡು ಆ ಬ್ರೇಕನ್ನು ಒತ್ತಿ ಹಿಡಿಯುತ್ತವೆ. ಇಮ್ಯುನೊಥೆರಪಿ ಔಷಧಿ ಆ ಹಿಡಿತ ಬಿಡಿಸುತ್ತದೆ. ಇಂಥ ಬ್ರೇಕುಗಳ ಸಂಶೋಧನೆಗೇ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂದದ್ದು. ಕ್ಯಾನ್ಸರ್ ಕೋಶ ಅದನ್ನು ಹೊದ್ದಿದೆಯೋ ಇಲ್ಲವೋ ನೋಡುವುದು ನಮ್ಮ ಕೆಲಸ.

ಸ್ಟೇನ್, ಅಂದರೆ ಪ್ರೋಟೀನನ್ನು ತೋರಿಸುವ ಬಣ್ಣ ಹಾಕಿದಾಗ, ಸ್ಲೈಡ್ ಮೇಲೆ ಅದು ಕಂದಾಗಿ ಕಾಣುತ್ತದೆ. ನೂರು ಕ್ಯಾನ್ಸರ್ ಕೋಶಗಳಲ್ಲಿ ಎಷ್ಟು ಹೀಗೆ ಕಂದಾಗಿವೆ ಅನ್ನೋದೇ ಆ ಶೇಕಡಾ. ಕೋಶದ ಅಂಚಿನಲ್ಲಿ ಕಂಡರೆ ಮಾತ್ರ ಲೆಕ್ಕ. ಗೆರೆ ತೆಳುವಾಗಿರಲಿ, ಅರ್ಧ ಸುತ್ತೇ ಇರಲಿ, ಪರವಾಗಿಲ್ಲ. ಒಳಗೆ ಬರೀ ಮಸುಕಾಗಿ ಕಂದಾಗಿದ್ದರೆ ಬಿಡಬೇಕು. 22ಸಿ3 ಅನ್ನೋ ಸ್ಟೇನ್‌ನಲ್ಲಾದರೆ ಕಡೇಪಕ್ಷ 100 ಜೀವಂತ ಕ್ಯಾನ್ಸರ್ ಕೋಶ ಇರಬೇಕು. ಅದಕ್ಕಿಂತ ಕಮ್ಮಿ ಇದ್ದರೆ ಅಂದಾಜು ಹಾಕದೆ, ಅಂಗಾಂಶ ಸಾಲದು ಎಂದೇ ಬರೆಯುತ್ತೇವೆ.

ಎಡವುವುದು ಮ್ಯಾಕ್ರೊಫೇಜ್‌ಗಳ ಹತ್ತಿರ. ಇವು ದೇಹದ ಕಸ ಗುಡಿಸುವ ಕೋಶಗಳು. ಇವಕ್ಕೂ ಕಂದು ಬಣ್ಣ ಬರುತ್ತದೆ, ಗಡ್ಡೆಯ ನಡುವೆಯೇ ಕೂತಿರುತ್ತವೆ. ಕಲಿಯುವ ದಿನಗಳಲ್ಲಿ ನಾನು ಒಂದು ಸ್ಲೈಡಿಗೆ 60 ಅಂತ ಬರೆದಿದ್ದೆ. ನಮ್ಮ ಮೇಷ್ಟ್ರು ಏನೂ ಹೇಳಲಿಲ್ಲ. ಅದೇ ಜಾಗದ ಮಾಮೂಲಿ ಗುಲಾಬಿ-ನೀಲಿ ಸ್ಲೈಡನ್ನು ಪಕ್ಕದಲ್ಲಿಟ್ಟು ಎದ್ದು ಹೋದರು. ಎರಡನ್ನೂ ಹೋಲಿಸುತ್ತಾ ಹೋದಂತೆ ನನ್ನ ಕಂದು ಕೋಶಗಳು ಒಂದೊಂದಾಗಿ ಮ್ಯಾಕ್ರೊಫೇಜ್ ಆದವು. ಉಳಿದ ಲೆಕ್ಕ 10 ಕೂಡ ದಾಟಲಿಲ್ಲ. ಅವತ್ತಿನಿಂದ ಪಕ್ಕದ ಸ್ಲೈಡ್ ಇಲ್ಲದೆ ನಾನು ಎಣಿಸುವುದಿಲ್ಲ.

ತಮಾಷೆ ಏನು ಗೊತ್ತಾ? ಹೊಟ್ಟೆಯ ಕ್ಯಾನ್ಸರಿಗೆ ಬಂದರೆ ಅದೇ ಮ್ಯಾಕ್ರೊಫೇಜನ್ನು ಎಣಿಸಲೇಬೇಕು. ಅಲ್ಲಿ ಬಳಸುವುದು ಸಿಪಿಎಸ್ ಅನ್ನೋ ಬೇರೆ ಲೆಕ್ಕ. ಕಂದಾದ ಕ್ಯಾನ್ಸರ್ ಕೋಶ, ಲಿಂಫೊಸೈಟ್ ಅನ್ನೋ ಬಿಳಿ ರಕ್ತಕಣ, ಮ್ಯಾಕ್ರೊಫೇಜ್ ಎಲ್ಲ ಕೂಡಿಸಿ, ಒಟ್ಟು ಕ್ಯಾನ್ಸರ್ ಕೋಶಗಳಿಂದ ಭಾಗಿಸಿ, 100ರಿಂದ ಗುಣಿಸುವುದು. ಹಾಗಾಗಿ ಅದು ಶೇಕಡಾ ಅಲ್ಲವೇ ಅಲ್ಲ, ಬರೀ ಅಂಕ. ಶ್ವಾಸಕೋಶದ 10, ಹೊಟ್ಟೆಯ 10 ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಯಾವ ಸ್ಟೇನ್ ಅನ್ನೋದೂ ಮುಖ್ಯ. 22ಸಿ3, 28-8, ಎಸ್‌ಪಿ263 ಮೂರೂ ಕ್ಯಾನ್ಸರ್ ಕೋಶಗಳಲ್ಲಿ ಹೆಚ್ಚುಕಮ್ಮಿ ಒಂದೇ ಉತ್ತರ ಕೊಡುತ್ತವೆ. ಎಸ್‌ಪಿ142 ಕಮ್ಮಿ ಕೋಶಗಳನ್ನು ತೋರಿಸುತ್ತದೆ. ಸ್ಟೇನ್ ಹೆಸರಿಲ್ಲದ ರಿಪೋರ್ಟ್ ಅರ್ಧ ರಿಪೋರ್ಟ್ ಅಂತಲೇ ನನ್ನ ಲೆಕ್ಕ.

ಇನ್ನು, ಎಷ್ಟೋ ಸಲ ಫಲಿತಾಂಶ ಕೆಡುವುದು ಸ್ಲೈಡ್ ನನ್ನ ಮೇಜಿಗೆ ಬರುವ ಮುಂಚೆಯೇ. ತೆಗೆದ ತುಣುಕು ತಕ್ಷಣ ಶೇಕಡಾ 10ರ ಬಫರ್ಡ್ ಫಾರ್ಮಲಿನ್‌ಗೆ ಬೀಳಬೇಕು. ಸಾಮಾನ್ಯವಾಗಿ 6ರಿಂದ 72 ಗಂಟೆ ಅದರಲ್ಲಿರಬೇಕು. ಮೂಳೆಯ ತುಣುಕನ್ನು ಆಸಿಡ್‌ನಲ್ಲಿ ಮೆದು ಮಾಡಿದ್ದರೆ ಬಂದ ಉತ್ತರವನ್ನು ನಂಬುವುದು ಕಷ್ಟ. ತಿಂಗಳುಗಟ್ಟಲೆ ಮುಂಚೆ ಕತ್ತರಿಸಿಟ್ಟ ಸ್ಲೈಡ್‌ನಲ್ಲಿ ಬಣ್ಣ ಕುಂದುತ್ತದೆ, ಅದಕ್ಕೇ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕಿನಿಂದ ಹೊಸದಾಗಿ ಕತ್ತರಿಸಬೇಕು. ಪ್ರತಿ ಸಲ ಜೊತೆಗೆ ಟಾನ್ಸಿಲ್‌ನ ಒಂದು ತುಣುಕಿಗೂ ಸ್ಟೇನ್ ಹಾಕುತ್ತೇವೆ. ಅದರ ಸಂದಿಗಳ ಒಳಪದರ ಗಾಢ ಕಂದಾಗಬೇಕು. ಆಗಲಿಲ್ಲ ಅಂದರೆ ರೋಗಿಯ ಸ್ಲೈಡ್ ನೋಡುವ ಮಾತೇ ಇಲ್ಲ.

ಶ್ವಾಸಕೋಶದ ಬಯಾಪ್ಸಿ ಅಂದರೆ ದಾರದಂಥ ಎಳೆ. ಅದರಲ್ಲೇ ಇಜಿಎಫ್‌ಆರ್, ಎಎಲ್‌ಕೆ ಅನ್ನೋ ಜೀನ್‌ಗಳ ಬದಲಾವಣೆ ಹುಡುಕುವ ಪರೀಕ್ಷೆಯೂ ಆಗಬೇಕು. ಈ ಎರಡರಲ್ಲಿ ಒಂದು ಪಾಸಿಟಿವ್ ಬಂದರೆ, ಪಿಡಿ-ಎಲ್1 ಎಷ್ಟೇ ಜಾಸ್ತಿ ಇದ್ದರೂ ಮೊದಲ ಆಯ್ಕೆ ಇಮ್ಯುನೊಥೆರಪಿ ಆಗುವುದಿಲ್ಲ. ಅದಕ್ಕೇ ನಾನು ಆಂಕಾಲಜಿಸ್ಟ್‌ಗಳನ್ನು, ಅಂದರೆ ಕ್ಯಾನ್ಸರಿಗೆ ಚಿಕಿತ್ಸೆ ಕೊಡುವ ವೈದ್ಯರನ್ನು, ಕಾಡುವುದು: ಬೇಕಾದ ಪರೀಕ್ಷೆಗಳನ್ನೆಲ್ಲ ಒಟ್ಟಿಗೇ ಹೇಳಿ. ಪ್ರತಿ ಸಲ ಬ್ಲಾಕನ್ನು ಮತ್ತೆ ಯಂತ್ರಕ್ಕೆ ಕೂರಿಸಿದಾಗ ಒಂದಿಷ್ಟು ಅಂಗಾಂಶ ಸುಮ್ನೆ ಸವೆದು ಹೋಗುತ್ತದೆ.

ನನಗೆ ನೆಮ್ಮದಿ ಕೊಡುವ ಪರೀಕ್ಷೆ ಅಂದರೆ ಎಂಎಂಆರ್. ಡಿಎನ್‌ಎ ತಪ್ಪು ತಿದ್ದುವ ನಾಲ್ಕು ಪ್ರೋಟೀನುಗಳು, ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6, ಕೋಶದ ಬೀಜದಲ್ಲಿ (ನ್ಯೂಕ್ಲಿಯಸ್) ಇವೆಯೋ ಇಲ್ಲವೋ ನೋಡುವುದು. ಗಡ್ಡೆಯ ಬೀಜಗಳು ನೀಲಿಯಾಗಿ ಉಳಿದು, ಪಕ್ಕದ ಲಿಂಫೊಸೈಟ್ ಬೀಜ ಕಂದಾಗಿದ್ದರೆ ಪ್ರೋಟೀನ್ ಕಳೆದುಹೋಗಿದೆ ಅಂತ ಅರ್ಥ. ಲಿಂಫೊಸೈಟೂ ನೀಲಿಯೇ ಆಗಿದ್ದರೆ ಸ್ಟೇನ್ ಕೈಕೊಟ್ಟಿದೆ, ಮತ್ತೆ ಹಾಕಬೇಕು. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೊದಲ ಸಲ ಗಡ್ಡೆ ಯಾವ ಅಂಗದ್ದು ಅಂತ ನೋಡದೆ, ಈ ದೋಷ ಇದ್ದವರಿಗೆ ಪೆಂಬ್ರೊಲಿಜುಮ್ಯಾಬ್ ಅನ್ನೋ ಇಮ್ಯುನೊಥೆರಪಿ ಔಷಧಿ ಕೊಡಲು ಒಪ್ಪಿತು. ಈ ಫಲಿತಾಂಶ ಕೆಲವೊಮ್ಮೆ ಮನೆಯವರನ್ನೂ ಮುಟ್ಟುತ್ತದೆ. ಕ್ಯಾನ್ಸರ್ ಬರುವ ಅಪಾಯ ಹೆಚ್ಚಿಸುವ, ವಂಶದಲ್ಲಿ ಹರಿದು ಬರುವ ಲಿಂಚ್ ಸಿಂಡ್ರೋಮ್‌ನ ಸುಳಿವು ಸಿಗುವುದು ಇಲ್ಲೇ.

ಸರಿ, ಆ 45. ಸ್ಲೈಡ್ ಮತ್ತೆ ಇಟ್ಟೆ. ಒಂದು ತುದಿಯಲ್ಲಿ ಕೋಶಗಳೆಲ್ಲ ಕಂದು, ಇನ್ನೊಂದು ತುದಿಯಲ್ಲಿ ಏನೂ ಇಲ್ಲ. ಬಯಾಪ್ಸಿ ಸೂಜಿ ಸ್ವಲ್ಪ ಆಚೆ ಹೋಗಿದ್ದರೂ ಸಂಖ್ಯೆ ಬೇರೆಯೇ ಆಗುತ್ತಿತ್ತು. ನನ್ನ ಅಂಕ ಹೇಳದೆ ಸಹೋದ್ಯೋಗಿಗೆ ಕೊಟ್ಟೆ. ಅವರು 40 ಅಂದರು. 45ನ್ನು ಹಾಗೇ ಉಳಿಸಿ, ಬಣ್ಣ ಎಲ್ಲ ಕಡೆ ಒಂದೇ ಥರ ಇಲ್ಲ, ಅಂಕ 50ರ ಗಡಿಗೆ ಹತ್ತಿರವಿದೆ ಎಂದು ಕೆಳಗೆ ಬರೆದೆ. ಆಮೇಲೆ ಆಂಕಾಲಜಿಸ್ಟ್‌ಗೆ ಫೋನ್ ಮಾಡಿದೆ. 50ಕ್ಕಿಂತ ಕಮ್ಮಿ ಅಂದರೆ ಔಷಧಿಯೇ ಇಲ್ಲ ಅಂತ ಆ ಹುಡುಗ ತಿಳಿದಂತಿದೆ, ಸಾಮಾನ್ಯವಾಗಿ ಕೀಮೋ ಜೊತೆ ಸೇರಿಸಿ ಕೊಡುತ್ತೀರಲ್ವಾ, ಅದನ್ನು ನೀವೇ ಒಂದ್ಸಲ ಕೂರಿಸಿ ಹೇಳಿ ಅಂದೆ.