ಹಗ್ಗ ಎಂದವನಿಗೆ ಲೇಸಿನ ವಿಷಯ ಗೊತ್ತಿರಲಿಲ್ಲ

“ಅದೆಲ್ಲ ಸರಿ, ಆದರೆ ಅವನೇ ಒಪ್ಪಿಕೊಂಡಿದ್ದನಲ್ಲ?” ಸೈತಾನ ಆರಾಧನೆಯ ಆರೋಪ ಅಂಟಿದ ಅಮೆರಿಕದ ಹಳೆಯ ಪ್ರಕರಣಗಳ ಮಾತು ಬಂದಾಗ ಕಾನೂನು ಓದಿದವರೂ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಎಷ್ಟು ಸಲ ಬಿಡಿಸಿ ಹೇಳಿದರೂ ಪ್ರಶ್ನೆ ಮಾತ್ರ ಬದಲಾಗುವುದಿಲ್ಲ. ಒಪ್ಪಿಕೊಂಡನೇ ಎಂದು ಕೇಳಿ ಪ್ರಯೋಜನವಿಲ್ಲ. ಒಪ್ಪಿಗೆಯಲ್ಲಿರುವ ಒಂದೊಂದು ವಿವರವೂ ಮೊದಲು ಯಾರ ಬಾಯಿಂದ ಬಂತು ಎಂದು ಕೇಳಬೇಕು.

ಅರ್ಕಾನ್ಸಾ ರಾಜ್ಯದ ವೆಸ್ಟ್ ಮೆಂಫಿಸ್ ಆಗ ಸುಮಾರು 28 ಸಾವಿರ ಜನರಿದ್ದ ಊರು. 1993ರ ಮೇ 5ರ ಸಂಜೆ ಎಂಟು ವರ್ಷದ ಮೂವರು ಹುಡುಗರು ಕಾಣೆಯಾದರು. ಮರುದಿನ ಊರಂಚಿನ ಮರಗಳ ನಡುವಿನ ಕಾಲುವೆಯಲ್ಲಿ ಶವಗಳು ಸಿಕ್ಕವು. ಕೈಗಳನ್ನು ಕಾಲುಗಳಿಗೆ ಸೇರಿಸಿ ಕಟ್ಟಲಾಗಿತ್ತು, ಕಟ್ಟಿದ್ದು ಆ ಮಕ್ಕಳದೇ ಷೂ ಲೇಸುಗಳಿಂದ. ಈ ಲೇಸನ್ನು ನೆನಪಿಡಿ.

ಜೂನ್ 3ರಂದು ಪೊಲೀಸರು 17 ವರ್ಷದ ಜೆಸ್ಸಿ ಮಿಸ್‌ಕೆಲ್ಲಿಯನ್ನು ಬೆಳಿಗ್ಗೆ ಠಾಣೆಗೆ ಕರೆತಂದರು. ಅವನ ಬುದ್ಧಿಮಾಪನ ಅಂಕ (ಐಕ್ಯೂ) 72ರ ಆಸುಪಾಸು, ಸರಾಸರಿಗಿಂತ ಬಹಳ ಕಡಿಮೆ. ವಿಚಾರಣೆ ಗಂಟೆಗಟ್ಟಲೆ ನಡೆಯಿತು, ಧ್ವನಿಮುದ್ರಣವಾಗಿದ್ದು ಎರಡು ತುಣುಕು, ಒಟ್ಟು ಒಂದು ಗಂಟೆಗೂ ಕಡಿಮೆ. ಟೇಪು ಓಡುವ ಮೊದಲು ಅವನಿಗೆ ಸುಳ್ಳುಪತ್ತೆ ಪರೀಕ್ಷೆ ಮಾಡಿ, ನೀನು ಸುಳ್ಳು ಹೇಳುತ್ತಿದ್ದೀಯ ಎಂದಿದ್ದರು. ಮೃತ ಬಾಲಕನೊಬ್ಬನ ಚಿತ್ರವನ್ನೂ ತೋರಿಸಿದ್ದರು. ಕೊಲೆಯ ಜಾಗದಲ್ಲಿ ತಾನೂ ಇದ್ದೆ, ಕೊಂದವರು ಡೇಮಿಯನ್ ಎಕೋಲ್ಸ್ ಮತ್ತು ಜೇಸನ್ ಬಾಲ್ಡ್‌ವಿನ್ ಎಂಬ ಯುವಕರು ಎಂದು ಅವನು ಟೇಪಿನಲ್ಲಿ ಒಪ್ಪಿಕೊಂಡ.

ಇಂಥ ಒಪ್ಪಿಗೆ ಕೈಗೆ ಬಂದರೆ ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ. ಮೊದಲನೆಯದರಲ್ಲಿ ಆ ದಿನಕ್ಕೆ ಪೊಲೀಸರಿಗೆ ಗೊತ್ತಿದ್ದದ್ದು, ಎರಡನೆಯದರಲ್ಲಿ ಪತ್ರಿಕೆಯಲ್ಲೋ ಚಹಾದಂಗಡಿಯಲ್ಲೋ ಹರಿದಾಡಿದ್ದು, ಮೂರನೆಯದರಲ್ಲಿ ಪೊಲೀಸರಿಗೂ ಗೊತ್ತಿಲ್ಲದೆ, ಅವನು ಹೇಳಿದ ಮೇಲೆ ಹುಡುಕಿದಾಗ ನಿಜವೆಂದು ಸಿಕ್ಕಿದ್ದು. ಒಪ್ಪಿಗೆಗೆ ತೂಕ ಬರುವುದು ಮೂರನೆಯ ಅಂಕಣದಿಂದ ಮಾತ್ರ. ಮೊದಲ ಎರಡು ತುಂಬಿ ತುಳುಕಿದರೂ ಅಷ್ಟೇ, ಪ್ರಶ್ನೆ ಕೇಳುವವರಿಗೇ ಗೊತ್ತಿರದೆ ಉತ್ತರ ಅವರ ಪ್ರಶ್ನೆಯೊಳಗೆ ಸೇರಿಕೊಂಡಿರುತ್ತದೆ. ಇದಕ್ಕೆ ದುರುದ್ದೇಶವೇ ಬೇಕೆಂದಿಲ್ಲ, ದಣಿವು ಮತ್ತು ಅವಸರ ಸಾಕು.

ಮಿಸ್‌ಕೆಲ್ಲಿಯ ಹೇಳಿಕೆಯನ್ನು ಹೀಗೆ ಹಾಕಿ ನೋಡಿ. ಹುಡುಗರು ಶಾಲೆ ತಪ್ಪಿಸಿಕೊಂಡಿದ್ದರು, ಕೊಲೆ ಮಧ್ಯಾಹ್ನದೊಳಗೆ ನಡೆಯಿತು ಎಂದ. ಮೂವರೂ ಅಂದು ಶಾಲೆ ಬಿಡುವವರೆಗೂ ತರಗತಿಯಲ್ಲಿದ್ದರು. ಎರಡನೆಯ ತುಣುಕಿನ ಹೊತ್ತಿಗೆ ಸಮಯ ಸಂಜೆಗೆ ಸರಿದಿತ್ತು. ಹಗ್ಗದಿಂದ ಕಟ್ಟಿದ್ದರು ಎಂದ. ಪಕ್ಕದಲ್ಲೇ ನಿಂತು ನೋಡಿದವನು ಷೂ ಲೇಸನ್ನು ಹಗ್ಗ ಎನ್ನುವನೇ? ಸರಿಯಾಗಿ ಹೇಳಿದ್ದರಲ್ಲಿ ಮುಖ್ಯವಾದದ್ದು ಗಾಯಗಳ ಮಾತು, ಅದು ಊರಿನ ಬಾಯಲ್ಲಿ ಆಗಲೇ ಇತ್ತು. ಮೂರನೆಯ ಅಂಕಣ ಖಾಲಿ. ಅವನಿಗೆ ಜೀವಾವಧಿ ಜೊತೆಗೆ 40 ವರ್ಷ ಶಿಕ್ಷೆಯಾಯಿತು.

ಅವನು ಹೆಸರಿಸಿದ್ದ ಎಕೋಲ್ಸ್, ಬಾಲ್ಡ್‌ವಿನ್ ಅವರ ಪ್ರತ್ಯೇಕ ವಿಚಾರಣೆಯಲ್ಲಿ ಸಾಕ್ಷಿ ಹೇಳಲು ಮಿಸ್‌ಕೆಲ್ಲಿ ಒಪ್ಪಲಿಲ್ಲ, ಹಾಗಾಗಿ ಅವನ ಹೇಳಿಕೆ ಅಲ್ಲಿ ಸಾಕ್ಷ್ಯವಾಗಲಿಲ್ಲ. ಆ ಜಾಗ ತುಂಬಲು ಬಂದದ್ದು ಸೈತಾನ. ಎಕೋಲ್ಸ್ ಕಪ್ಪು ಬಟ್ಟೆ ತೊಡುತ್ತಿದ್ದ, ಮೆಟಾಲಿಕಾ ಎಂಬ ಹೆವಿ ಮೆಟಲ್ ತಂಡದ ಹಾಡು ಕೇಳುತ್ತಿದ್ದ, ಮಾಟಮಂತ್ರದ ಪುಸ್ತಕ ಓದುತ್ತಿದ್ದ. ಸಣ್ಣ ಊರಿನಲ್ಲಿ ಇಂಥ ಹುಡುಗ ಎಲ್ಲರ ಕಣ್ಣಲ್ಲೂ ಇರುತ್ತಾನೆ. ಶವ ಸಿಕ್ಕ ಮರುದಿನವೇ ಪೊಲೀಸರು ಅವನನ್ನು ಮಾತಾಡಿಸಿದ್ದರು. ನಿಗೂಢ ಆಚರಣೆಗಳ ತಜ್ಞನೆಂದು ನ್ಯಾಯಾಲಯಕ್ಕೆ ಬಂದ ಡೇಲ್ ಗ್ರಿಫಿಸ್ ಅವರ ಡಾಕ್ಟರೇಟ್ ಮಾನ್ಯತೆಯಿಲ್ಲದ ಸಂಸ್ಥೆಯದು. ಹುಣ್ಣಿಮೆ, ಮೂರು ಎಂಬ ಸಂಖ್ಯೆ, ಮಕ್ಕಳ ವಯಸ್ಸು ಎಂಟು, ಎಲ್ಲಕ್ಕೂ ಅವರು ಅರ್ಥ ಕೊಟ್ಟರು. ಸ್ಥಳದಲ್ಲಿ ರಕ್ತ ಕಾಣದಿದ್ದುದಕ್ಕೂ ಆಚರಣೆಯಲ್ಲೇ ಕಾರಣ ಸಿಕ್ಕಿತು. ತನಿಖೆ ಕೆಡುವುದು ಇಲ್ಲಿಯೇ. ಇದ್ದರೂ ಪುರಾವೆ, ಇಲ್ಲದಿದ್ದರೂ ಪುರಾವೆ ಎನ್ನುವ ಊಹೆಯನ್ನು ಯಾವ ಪರೀಕ್ಷೆಯೂ ಸೋಲಿಸಲಾರದು. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಕೆನೆತ್ ಲ್ಯಾನಿಂಗ್ ಹಿಂದಿನ ವರ್ಷವೇ, 1992ರಲ್ಲಿ, ಸಂಘಟಿತ ಸೈತಾನ ಬಲಿಯ ಆರೋಪಗಳಿಗೆ ಪೂರಕ ಸಾಕ್ಷ್ಯ ಸಿಗುತ್ತಿಲ್ಲವೆಂದು ತನಿಖಾಧಿಕಾರಿಗಳಿಗಾಗಿ ಬರೆದಿದ್ದರು.

ಆ ಸದ್ದಿನಲ್ಲಿ ಮಾಮೂಲಿ ಕೆಲಸ ಬಿದ್ದುಹೋಯಿತು. ಸಾವಿನ ಕಾರಣ ಗೊತ್ತುಮಾಡುವ ಅಧಿಕಾರಿ ಕರೋನರ್ ಬರುವ ಮೊದಲೇ ಶವಗಳನ್ನು ನೀರಿನಿಂದ ತೆಗೆದು ದಡದಲ್ಲಿಟ್ಟಿದ್ದರು. ಸಾವಿನ ಸಮಯದ ಅಂದಾಜು ಅಲ್ಲಿಗೇ ಸಡಿಲವಾಯಿತು, ಮಧ್ಯಾಹ್ನವೋ ರಾತ್ರಿಯೋ ಎಂದು ಒಪ್ಪಿಗೆಯನ್ನು ಅಳೆಯಲು ಬೇಕಿದ್ದುದು ಅದೇ ಸಮಯ. ಮಕ್ಕಳು ಕಾಣೆಯಾದ ರಾತ್ರಿ ಹತ್ತಿರದ ಹೋಟೆಲಿನ ಶೌಚಾಲಯಕ್ಕೆ ರಕ್ತ ಮೆತ್ತಿದ್ದ ಒಬ್ಬಾತ ಬಂದಿದ್ದನೆಂದು ಮ್ಯಾನೇಜರ್ ಫೋನ್ ಮಾಡಿದ್ದರು. ಬಂದ ಪೊಲೀಸ್ ಸಿಬ್ಬಂದಿ ಒಳಗೆ ಹೋಗದೆ ಕಾರಿಗೆ ಪೊಟ್ಟಣ ಕೊಡುವ ಕಿಟಕಿಯಲ್ಲೇ ವಿಚಾರಿಸಿಕೊಂಡು ಹೋದರು. ಮರುದಿನ ಗೋಡೆಯಿಂದ ಕೆರೆದು ತೆಗೆದ ರಕ್ತದ ಮಾದರಿ ಆಮೇಲೆ ಕಳೆದೇಹೋಯಿತು. ಅದು ಯಾರ ರಕ್ತವೆಂದು ಇನ್ನು ಯಾರೂ ಹೇಳಲಾರರು. ಚಾಕುವಿನ ವಿಧಿಬದ್ಧ ಕೊಯ್ತವೆಂದು ವಾದಿಸಿದ ಗಾಯಗಳಲ್ಲಿ ಬಹುಪಾಲು ಸತ್ತ ಮೇಲೆ ಪ್ರಾಣಿಗಳು ಕಚ್ಚಿದ್ದೆಂದು 2007ರಲ್ಲಿ ಆರೋಪಿಗಳ ಪರ ವಿಧಿವಿಜ್ಞಾನ ತಜ್ಞರು ಹೇಳಿದರು. ಸರ್ಕಾರಿ ಪಕ್ಷ ಇದನ್ನು ಒಪ್ಪಲಿಲ್ಲ, ಆ ಎಚ್ಚರಿಕೆಯೊಂದಿಗೇ ಓದಬೇಕು.

ನಮ್ಮಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಲ್ಲ, ಇದು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ. ಅಷ್ಟಕ್ಕೇ ನೆಮ್ಮದಿಯಾಗಬೇಡಿ. ಆರೋಪಿ ಕೊಟ್ಟ ಮಾಹಿತಿಯಿಂದ ವಸ್ತು ಸಿಕ್ಕರೆ ಅಷ್ಟು ಭಾಗ ಒಳಗೆ ಬರುತ್ತದೆ, ಆಗ ಇದೇ ಮೂರು ಅಂಕಣದ ಪ್ರಶ್ನೆ. ಕತ್ತಿ ಇರುವ ಜಾಗ ಪೊಲೀಸರಿಗೆ ಮೊದಲೇ ಗೊತ್ತಿತ್ತೇ? ಹೇಳಿಕೆಯ ಹೊತ್ತು, ಮಹಜರಿನ ಹೊತ್ತು, ಪಂಚರು ಬಂದ ಹೊತ್ತು ಮೂರನ್ನೂ ಪಕ್ಕಪಕ್ಕ ಬರೆದುಕೊಳ್ಳಿ. ಶವದ ಬಳಿ ನಿಂಬೆಹಣ್ಣು, ಕುಂಕುಮ ಕಂಡರೆ ಮಹಜರಿನಲ್ಲಿ ನಿಂಬೆಹಣ್ಣು, ಕುಂಕುಮ ಎಂದಷ್ಟೇ ಬರೆಯಬೇಕು. “ವಾಮಾಚಾರದ ಸಾಮಗ್ರಿ” ಎಂದು ಬರೆದ ಕ್ಷಣ ತನಿಖೆಯ ಕೊನೆಯ ಸಾಲನ್ನು ಮೊದಲೇ ಬರೆದಂತೆ.

ಎಕೋಲ್ಸ್‌ಗೆ ಮರಣದಂಡನೆಯಾಗಿತ್ತು, ಬಾಲ್ಡ್‌ವಿನ್‌ಗೆ ಜೀವಾವಧಿ. 18 ವರ್ಷ ಒಳಗಿದ್ದ ಮೂವರೂ 2011ರ ಆಗಸ್ಟ್ 19ರಂದು ಆಲ್ಫರ್ಡ್ ಪ್ಲೀ ಮೂಲಕ ಹೊರಬಂದರು. ನಾನು ನಿರಪರಾಧಿ ಎನ್ನುತ್ತಲೇ ಕಾಗದದ ಮೇಲೆ ಅಪರಾಧಿಯಾಗಿ ಉಳಿಯುವ ಏರ್ಪಾಡು ಅದು. ಹೊಸ ವಿಧಾನದಲ್ಲಿ ಡಿಎನ್‌ಎ ಪರೀಕ್ಷೆ ಆಗಲೆಂದು ಎಕೋಲ್ಸ್ ಹಾಕಿದ ಅರ್ಜಿಗೆ 2024ರ ಏಪ್ರಿಲ್‌ನಲ್ಲಿ ಅರ್ಕಾನ್ಸಾ ಸುಪ್ರೀಂ ಕೋರ್ಟ್ ದಾರಿ ತೆರೆಯಿತು. ಆತ ಪರೀಕ್ಷಿಸಿ ಎಂದು ಕೇಳಿದ್ದರಲ್ಲಿ ಆ ಷೂ ಲೇಸುಗಳೂ ಇದ್ದವು.