ಗುಹೆಯ ನೀರಿನ ಸಾವು: 'ಮುಳುಗಿ' ಎಂದರೆ ಸಾಲದು

ನೀರು ತುಂಬಿದ ಗುಹೆಯಲ್ಲಿ ಡೈವರ್ ಒಬ್ಬರು ಸತ್ತರೆ ಶವಪರೀಕ್ಷೆಯ ವರದಿ ಹೆಚ್ಚಾಗಿ 'ಮುಳುಗಿ ಸಾವು' ಎನ್ನುತ್ತದೆ. ಸುಳ್ಳೇನಲ್ಲ. ಆದರೆ ನಾಳೆ ಅಂಥದೇ ಗುಹೆಗೆ ಇಳಿಯುವವರಿಗೆ ಅದರಿಂದ ಉಪಯೋಗವೂ ಇಲ್ಲ. ಅವರಿಗೆ ಬೇಕಾದ್ದು ಅದಕ್ಕೂ ಹಿಂದಿನ ಕಥೆ: ಹೊರಬರುವ ದಾರಿ ತಿಳಿಯಲೆಂದು ಹಾಸಿದ ದಾರ ಎಲ್ಲಿ ಕೈತಪ್ಪಿತು, ಗಾಳಿ ಯಾಕೆ ಮುಗಿಯಿತು, ಬಾಯಲ್ಲಿದ್ದದ್ದು ಯಾವ ಸಿಲಿಂಡರಿನ ರೆಗ್ಯುಲೇಟರ್ (ಸಿಲಿಂಡರಿನಿಂದ ಉಸಿರಿಗೆ ಗಾಳಿ ಕೊಡುವ ಸಾಧನ).

ಈಗ ಕಲಿಸುವ ಮೂಲ ನಿಯಮಗಳು ಹುಟ್ಟಿದ್ದೇ ಹೀಗೆ. ಅಮೆರಿಕದ ಗುಹಾ ಡೈವರ್ ಶೆಕ್ ಎಕ್ಸ್ಲಿ ಗುಹಾ ಡೈವಿಂಗಿನ ಸಾವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ 1979ರಲ್ಲಿ ಪ್ರಕಟಿಸಿದರು. ಗುಹೆಯ ಬಾಯಿವರೆಗೆ ಕಡಿಯದ ದಾರ ಇರಲಿಲ್ಲ, ವಾಪಸಿಗೆ ಗಾಳಿ ಉಳಿಸಿರಲಿಲ್ಲ, ಮಿತಿಮೀರಿ ಆಳಕ್ಕೆ ಹೋಗಿದ್ದರು: ಮತ್ತೆ ಮತ್ತೆ ಕಂಡದ್ದು ಇವೇ.

ಗಾಳಿಯ ಮೂರನೇ ಒಂದು ಪಾಲು ಮುಗಿದಾಗ ಹಿಂತಿರುಗಬೇಕೆಂಬ ನಿಯಮವನ್ನೇ ನೋಡಿ. 12 ಲೀಟರಿನ ಜೋಡಿ ಸಿಲಿಂಡರಿನಲ್ಲಿ 200 ಬಾರ್ (ಒತ್ತಡದ ಅಳತೆ) ಇದ್ದರೆ 4,800 ಲೀಟರ್ ಗಾಳಿ, ಒಳಹೋಗಲು 1,600. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ 20 ಮೀಟರ್ ಆಳದಲ್ಲಿ, ಒತ್ತಡ ಮೂರು ಪಟ್ಟಾಗುವುದರಿಂದ, 60 ಬೇಕು. ಸುಮಾರು 26 ನಿಮಿಷದ ದಾರಿ. ಅಲ್ಲಿ ಜೊತೆಗಾರರ ಗಾಳಿ ಪೂರ್ತಿ ಹೋಯಿತೆನ್ನಿ. ಉಳಿದ 3,200 ಲೀಟರನ್ನು ಇಬ್ಬರೂ ಹಂಚಿಕೊಂಡರೆ ಮತ್ತೆ ಅದೇ 26 ನಿಮಿಷ. ಹೂಳೆದ್ದು ದಾರ ತಡವುತ್ತಾ ಬರಬೇಕಾದರೆ, ಗಾಬರಿಗೆ ಉಸಿರು ಹೆಚ್ಚಾದರೆ, ಸಾಲುವುದಿಲ್ಲ. ಆದ್ದರಿಂದ 'ನಿಯಮ ಪಾಲಿಸಿದ್ದರು' ಎಂಬ ವರದಿ ಅಪಾಯಕಾರಿ. ಸಿಲಿಂಡರಿನಲ್ಲಿ ಎಷ್ಟು ಬಾರ್ ಇದ್ದಾಗ ಹಿಂತಿರುಗಿದರು, ಎಷ್ಟನೇ ನಿಮಿಷದಲ್ಲಿ ಎನ್ನುವುದು ಬೇಕು.

ಈ ಸಾಕ್ಷ್ಯ ಬಹಳ ಬೇಗ ಕೆಡುತ್ತದೆ. ಶವ ತರಲು ಹೋದವರು ಏನನ್ನೂ ಮುಟ್ಟುವ ಮೊದಲು ದಾರ, ದೇಹ, ಸಲಕರಣೆ ಇದ್ದ ರೀತಿಯನ್ನು ಚಿತ್ರೀಕರಿಸಬೇಕು. ವಾಲ್ವ್ ಮುಚ್ಚಲೇಬೇಕಾದರೆ ಎಷ್ಟು ಸುತ್ತು ತಿರುಗಿತೆಂದು ಎಣಿಸಿ ಬರೆಯಬೇಕು. ಕಾಲು ಸುತ್ತಿಗೇ ಮುಚ್ಚಿಕೊಂಡರೆ ಅದು ಮೊದಲೇ ಬಹುಪಾಲು ಮುಚ್ಚಿತ್ತು. ಎಡಗಡೆಯ ವಾಲ್ವಿನ ಹಿಡಿ ಬಂಡೆಗೆ ಉಜ್ಜಿ ತಾನೇ ಮುಚ್ಚಿಕೊಳ್ಳುವುದುಂಟು. ಗೇಜ್ ಸೊನ್ನೆ ತೋರಿಸಿದ ಮಾತ್ರಕ್ಕೆ ಗಾಳಿ ಮುಗಿದು ಸತ್ತರೆನ್ನಲೂ ಆಗದು, ಬಾಯಿಂದ ಜಾರಿದ ರೆಗ್ಯುಲೇಟರ್ ಆಮೇಲೂ ಸುರಿಯುತ್ತಿರಬಹುದು. ಪ್ರತಿ ಸಿಲಿಂಡರಿನ ಅನಿಲವನ್ನೂ ಅಳೆಯಬೇಕು. ಮೇಲೇರುವಾಗ 6 ಮೀಟರಿನಲ್ಲಿ ಉಸಿರಾಡಲೆಂದು ತಂದ ಶುದ್ಧ ಆಮ್ಲಜನಕವನ್ನು 30 ಮೀಟರಿನಲ್ಲಿ ಸೇದಿದರೆ ಅದರ ಒತ್ತಡ 4 ಬಾರ್, 1.6ನ್ನೇ ಗರಿಷ್ಠ ಮಿತಿಯೆಂದು ಇಟ್ಟುಕೊಂಡಿರುವುದು. ಮಿತಿಮೀರಿದ ಆಮ್ಲಜನಕಕ್ಕೆ ಸೆಳೆತ ಬಂದು ರೆಗ್ಯುಲೇಟರ್ ಬಾಯಿಂದ ಬಿದ್ದರೆ ಶವಪರೀಕ್ಷೆಗೆ ಕಾಣುವುದು ಮತ್ತೆ 'ಮುಳುಗಿ ಸಾವು'.

ಇಷ್ಟೆಲ್ಲ ಗೊತ್ತಿದ್ದೂ ಮಾಹಿತಿ ಹೊರಬರದಿರಲು ದೊಡ್ಡ ಕಾರಣ ಭಯ: ಮೊಕದ್ದಮೆಯದು, ಕುಟುಂಬದ ನೋವಿನದು, ಜೊತೆಗಿದ್ದವರ ಮೇಲೆ ಬೀಳುವ ಬೈಗುಳದ್ದು. ಸತ್ತವರ ಹೆಸರಿಲ್ಲದೆಯೂ ಪಾಠ ಪೂರ್ಣವಾಗಿರುತ್ತದೆ. 'ಅಜಾಗರೂಕತೆ' ಎಂದು ಬರೆದಲ್ಲಿಗೆ ವಿಚಾರಣೆ ನಿಂತುಬಿಡುತ್ತದೆ. ಡೈವರ್ ತೆಗೆದುಕೊಂಡ ತೀರ್ಮಾನ ಆ ಕ್ಷಣಕ್ಕೆ ಅವರಿಗೆ ಸರಿಯೆನಿಸಿದ್ದೇಕೆ ಎಂದು ಕೇಳಿದರೆ ಮುಂದಕ್ಕೆ ಹೋಗುತ್ತದೆ. ವಿಮಾನಯಾನದಲ್ಲಿ ನಾಸಾ ನಡೆಸುವ ಗೋಪ್ಯ ವರದಿ ವ್ಯವಸ್ಥೆ 1976ರಿಂದಲೂ ಇದೇ ದಾರಿಯಲ್ಲಿದೆ.

ಸ್ವಲ್ಪದರಲ್ಲಿ ಪಾರಾದವರ ವರದಿ ಇನ್ನೂ ಬೆಲೆಯುಳ್ಳದ್ದು, ಅವರನ್ನು ಪ್ರಶ್ನೆ ಕೇಳಬಹುದು. ತಂಡದವರು ಪರಸ್ಪರ ಚರ್ಚಿಸುವ ಮೊದಲೇ, ಅದೇ ಸಂಜೆ, ಬೇರೆ ಬೇರೆ ಕೂತು ಬರೆಯಬೇಕು. ಒಬ್ಬರ ನೆನಪು ಇನ್ನೊಬ್ಬರದನ್ನು ತಿದ್ದಿಬಿಡುತ್ತದೆ. ಆಮೇಲೆ ಆಳ, ಸಮಯ ದಾಖಲಿಸುವ ಡೈವ್ ಕಂಪ್ಯೂಟರಿನ ದಾಖಲೆಯ ಜೊತೆ ಹೋಲಿಸಿದರೆ 'ಎರಡು ನಿಮಿಷ' ಎಂದು ಎಲ್ಲರೂ ಹೇಳಿದ್ದು ಎಷ್ಟು ನಿಮಿಷವೆಂದು ಗೊತ್ತಾಗುತ್ತದೆ.